ಪೆನ್‌ಡ್ರೈವ್‌ನಲ್ಲಿ ಬಂದ ಹೆಸರಿಲ್ಲದ ಕೋಡ್: ವಿಜಯಪುರ, ಬಾಗಲಕೋಟೆ ಕಡೆಯ ಪಿಎಚ್‌ಡಿ ಗೆಳೆಯರ ಗಮನಕ್ಕೆ

ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಮಳೆಗೂ ಡೌನಿ ಎಂಬ ಬೂಜು ರೋಗಕ್ಕೂ ಇರುವ ನಂಟು ನನ್ನ ಪಿಎಚ್‌ಡಿ ವಿಷಯ. ಮಳೆ ಲೆಕ್ಕಕ್ಕೆ ಪೈಥಾನ್ ಭಾಷೆಯ ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಬೇಕಿತ್ತು. ಸೀನಿಯರ್ ಒಬ್ಬರು ಚಹಾದಂಗಡಿಯಲ್ಲಿ ಪೆನ್‌ಡ್ರೈವ್ ಕೈಗಿಟ್ಟು, "ತಗೋ ತಮ್ಮಾ, ಎಲ್ಲಾರೂ ಇದನ್ನ ವಾಪರಸ್ತಾರ, ಏನೂ ಆಗೂದಿಲ್ಲ" ಅಂದರು. ಫೈಲಿನ ಹೆಸರು 'ರೇನ್_ಫೈನಲ್_ನ್ಯೂ2'. ಬರೆದವರು ಯಾರು, ಯಾವಾಗ, ಒಂದೂ ಇಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಕುಲಗೋತ್ರ ಯಾಕೆ ಅಂತ ನಾನೂ ಕೇಳಲಿಲ್ಲ.

ಎರಡು ವರ್ಷದ ಕೆಲಸ ಅದರ ಮೇಲೆ ನಿಂತಿತು. ಪತ್ರಿಕೆಗೆ ಸಂಶೋಧನಾ ಪ್ರಬಂಧ ಕಳಿಸಿದಾಗ ವಿಮರ್ಶಕರು ಕೋಡ್ ಕೇಳಿದರು. ಆಗಲೇ ನಾನದನ್ನು ಸಾಲು ಸಾಲು ಓದಿದ್ದು, ನಾಚಿಕೆಯ ಮಾತು. ನಮ್ಮ ಮಳೆ ದಾಖಲೆಯಲ್ಲಿ 05-10-2019 ಅಂದರೆ ಅಕ್ಟೋಬರ್ 5. ಸ್ಕ್ರಿಪ್ಟ್ ಅದನ್ನು ಮೇ 10 ಅಂತ ಓದುತ್ತಿತ್ತು. 13-10 ಬಂದರೆ ಮಾತ್ರ ಸರಿ, ಹದಿಮೂರನೇ ತಿಂಗಳಿಲ್ಲವಲ್ಲ! ಸ್ಕ್ರಿಪ್ಟ್ ಬಳಸುವ ಪೈಥಾನಿನ ದತ್ತಾಂಶ ಸಲಕರಣೆ ಪಾಂಡಾಸ್‌ನ ಹಳೆಯ ಆವೃತ್ತಿಗಳು ಒಂದೇ ಕಾಲಂ ಅನ್ನು ಹೀಗೆ ಎರಡು ಥರ ಓದುತ್ತಿದ್ದವು. ಅಕ್ಟೋಬರಿನ ಚಾಟ್ನಿ, ಅಂದರೆ ಬಳ್ಳಿ ಸವರುವ ಹೊತ್ತಿನ ಮಳೆಯೇ ನನ್ನ ವಿಷಯದ ಜೀವ. ಅಕ್ಟೋಬರ್ ಮೊದಲ ಹನ್ನೆರಡು ದಿನದ ಮಳೆ ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ದಿನದಂತೆ ಹಂಚಿಹೋಗಿತ್ತು.

ಕೋಡಿನಲ್ಲಿ ಉಳಿದಿದ್ದ ಒಂದು ಫೋಲ್ಡರಿನ ಹೆಸರು ಹಿಡಿದು ಮೂಲ ಬರೆದವರನ್ನು ಹುಡುಕಿ ಫೋನ್ ಮಾಡಿದೆ. "ಅದನ್ನ ನಾ ತಿದ್ದಿ ಗಿಟ್‌ಹಬ್‌ನಾಗ ಹಾಕಿ ಮೂರ್ ವರ್ಷ ಆತ್ರಿ. ನನ್ನ ಹೆಸರು ತಗದವ್ರ್ಯಾರು?" ಅಂದರು. ಗಿಟ್‌ಹಬ್ ಅಂದರೆ ಕೋಡ್ ಹಂಚಿಕೊಳ್ಳುವ ಜಾಲತಾಣ. ಹೆಸರೊಂದು ಉಳಿದಿದ್ದರೆ ಆ ತಿದ್ದುಪಡಿ ನನಗೂ ಮುಟ್ಟುತ್ತಿತ್ತು.

ಇನ್ನೊಂದು ತೊಡಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ. ಲೈಸೆನ್ಸ್, ಅಂದರೆ ಬರೆದವರ ಅನುಮತಿ, ಇಲ್ಲದ ಕೋಡನ್ನು ನನ್ನ ಪ್ರಬಂಧದ ಜೊತೆ ಪ್ರಕಟಿಸುವ ಹಕ್ಕೇ ನನಗಿರಲಿಲ್ಲ. ಪ್ರಬಂಧ ವಾಪಸ್ ತಗೊಂಡೆ. 2006ರಲ್ಲಿ ಅಮೆರಿಕದ ಲ್ಯಾಬೊಂದು 'ಸೈನ್ಸ್' ಪತ್ರಿಕೆಯಿಂದ ಮೂರು ಪ್ರಬಂಧ ಹಿಂಪಡೆದದ್ದೂ ಹೀಗೇ, ಬೇರೆ ಲ್ಯಾಬಿನಿಂದ ಬಂದ ಪ್ರೋಗ್ರಾಂ ಎರಡು ಕಾಲಂ ಅದಲುಬದಲು ಮಾಡಿದ್ದಕ್ಕೆ. ಅವರದು ಅಚ್ಚಾದ ಮೇಲೆ ಗೊತ್ತಾಯಿತು, ನನ್ನದು ಮೊದಲೇ, ಅಷ್ಟೇ ಪುಣ್ಯ.

ಈಗ ಮೂಲ ಲೇಖಕರು ಹೆಸರು ಉಳಿಸಿಕೊಂಡು ಯಾರೂ ಬಳಸಬಹುದು ಅನ್ನುವ ಎಂಐಟಿ ಲೈಸೆನ್ಸ್ ಹಾಕಿ, ಜೆನೊಡೊ ಎಂಬ ಸಂಶೋಧನಾ ಭಂಡಾರದಲ್ಲಿ ಇಟ್ಟು ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆ, ಪಡೆದಿದ್ದಾರೆ. ಖರ್ಚು ಒಂದು ಪೈಸೆಯಿಲ್ಲ. ಆದರೆ ಹಳೆಯ ಫೈಲ್ ಇನ್ನೂ ಕೈಯಿಂದ ಕೈಗೆ ಓಡಾಡುತ್ತಿದೆ, ಕಳೆದ ವಾರ ಜೂನಿಯರ್ ಒಬ್ಬನ ಲ್ಯಾಪ್‌ಟಾಪಿನಲ್ಲೇ ಕಂಡೆ. ನಿಮ್ಮ ಹತ್ತಿರ 'ರೇನ್_ಫೈನಲ್' ಅಂತ ಏನಾದರೂ ಇದ್ದರೆ, ತೆರೆದು 'dayfirst' ಅಂತ ಹುಡುಕಿ, ಮೊದಲ ಅಂಕಿಯನ್ನು ದಿನವಾಗಿ ಓದು ಅಂತ ಹೇಳುವ ಸೂಚನೆ ಅದು. ಸಿಗದಿದ್ದರೆ ಇವತ್ತೇ ನಿಲ್ಲಿಸಿ.