ಡಿ-ಪ್ಯಾಡ್ ಸರಿಯಿದ್ದರೆ ಮಾತ್ರ ಮಾರಿಯೋ: ರೆಟ್ರೋ ಹ್ಯಾಂಡ್‌ಹೆಲ್ಡ್ ಒಂದು ವರ್ಷ ಬಳಸಿದ ಮೇಲೆ

ಸ್ಕ್ರೀನ್ ಎಷ್ಟು ಚೆನ್ನಾಗಿದೆ, ಎಷ್ಟು ಸಾವಿರ ಗೇಮ್ ತುಂಬಿಸಿ ಕೊಟ್ಟಿದ್ದಾರೆ, ಪ್ಲೇಸ್ಟೇಷನ್ ಗೇಮ್ ಓಡುತ್ತದೋ ಇಲ್ಲವೋ ಅನ್ನುವುದನ್ನೆಲ್ಲ ನೀವು ವಿಡಿಯೋಗಳಲ್ಲಿ ನೋಡಿಯೇ ಇಲ್ಲಿಗೆ ಬಂದಿರುತ್ತೀರಿ. ನಾನು ಆ ಕಡೆ ಹೋಗುವುದಿಲ್ಲ. ಹಳೆಯ ವಿಡಿಯೋ ಗೇಮ್‌ಗಳನ್ನು ಆಡಿಸುವ, ಜೇಬಿಗೆ ಹಿಡಿಯುವ ಈ ಚೀನಾ ಯಂತ್ರವನ್ನು ವರ್ಷಕ್ಕೂ ಮಿಕ್ಕಿ ದಿನಾ ಕೈಯಲ್ಲಿ ಹಿಡಿದವನಾಗಿ ನನಗೆ ಹೇಳಬೇಕಿರುವುದು ಮುಖ್ಯವಾಗಿ ಒಂದೇ ವಿಷಯ. ಎಡಗೈ ಹೆಬ್ಬೆರಳಿನ ಕೆಳಗೆ ಬರುವ ನಾಲ್ಕು ದಿಕ್ಕಿನ ಗುಂಡಿ, ಅಂದರೆ ಡಿ-ಪ್ಯಾಡ್.

ನಾನಿರುವುದು ತುಮಕೂರಿನಲ್ಲಿ, ಕೆಲಸ ಯಶವಂತಪುರದ ಹತ್ತಿರ. ಬೆಳಿಗ್ಗೆ ರೈಲು, ಸಂಜೆ ರೈಲು. ಕ್ಯಾತ್ಸಂದ್ರ ದಾಟುವವರೆಗೂ ಯಂತ್ರ ಹೊರಗೆ ತೆಗೆಯುವುದಿಲ್ಲ. ಅಲ್ಲಿಯವರೆಗೆ ಬ್ಯಾಗು ಮೇಲಿಡುವುದು, ಒಂಚೂರು ಸರಿದು ಕೂರಿ ಅನ್ನುವುದು, ಇದೇ ಗಲಾಟೆ. ಹಿರೇಹಳ್ಳಿ ಬರುವಷ್ಟರಲ್ಲಿ ಎದುರಿನ ಸಾಲಿನವರು ಮೊಣಕಾಲಿನ ಮೇಲೆ ಪೇಪರ್ ಹಾಸಿ ಇಸ್ಪೀಟು ಶುರು ಮಾಡಿರುತ್ತಾರೆ. ಆಗ ನಾನು ಬ್ಯಾಗಿನ ಜಿಪ್ ತೆಗೆಯುತ್ತೇನೆ. ಕನ್ನಡಕದ ಬಟ್ಟೆಯಲ್ಲೇ ಸ್ಕ್ರೀನ್ ಒಮ್ಮೆ ಒರೆಸಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಂಡು ಪವರ್ ಒತ್ತಿದರೆ, ನಿನ್ನೆ ಸಂಜೆ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದಲೇ ಆಟ ಮುಂದುವರಿಯುತ್ತದೆ. ಮುದ್ದಲಿಂಗನಹಳ್ಳಿ, ದೊಡ್ಡಬೆಲೆ, ಸೋಲದೇವನಹಳ್ಳಿ ಒಂದೊಂದೇ ಹಿಂದೆ ಹೋಗುತ್ತವೆ. ಚಿಕ್ಕಬಾಣಾವರದಲ್ಲಿ ಮತ್ತೆ ಪವರ್ ಒತ್ತಿ ಜೇಬಿಗೆ ಹಾಕಿಕೊಳ್ಳುತ್ತೇನೆ. ದಿನದಲ್ಲಿ ನನ್ನದು ಅಂತ ಸಿಗುವ ಹೊತ್ತು ಇಷ್ಟೇ. ಅರ್ಧ ಲಕ್ಷ ಕೊಟ್ಟು ಪ್ಲೇಸ್ಟೇಷನ್ 5 ತಂದರೂ ಅದರ ಮುಂದೆ ಕೂರಲು ಮನೆಯಲ್ಲಿ ಸಮಯವಿಲ್ಲ. ನಾಲ್ಕೂವರೆ ಸಾವಿರಕ್ಕೆ ಬಂದ ಈ ಯಂತ್ರ ನನ್ನ ಜೇಬಿಗೂ ನನ್ನ ರೈಲಿಗೂ ಸರಿಹೋಗುತ್ತದೆ.

ಆದರೆ ತಂದ ಮೊದಲ ವಾರವೇ ತಲೆ ಕೆಟ್ಟುಹೋಯಿತು. ಮಾರಿಯೋ ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ವೇಗ ಕಳೆದುಕೊಳ್ಳುತ್ತಿದ್ದ. ಹಳ್ಳದ ಅಂಚಿಗೆ ಬಂದು ಹಾರಿದರೆ ಅರ್ಧಕ್ಕೇ ಬೀಳುತ್ತಿದ್ದ. ಕಾರಣ ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಇದು: ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ನೆಲದ ಮೇಲಿರುವಾಗ ಬಲ ಮತ್ತು ಕೆಳಗೆ ಎರಡೂ ಒಟ್ಟಿಗೆ ಒತ್ತಿದರೆ, ಆಟ ಎರಡನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏನೂ ಒತ್ತಿಲ್ಲ ಅಂತಲೇ ಭಾವಿಸುತ್ತದೆ. ನಾನು ಒತ್ತುತ್ತಿದ್ದುದು ಬಲ ಮಾತ್ರ. ಹೆಬ್ಬೆರಳು ಕೂದಲೆಳೆಯಷ್ಟು ಕೆಳಕ್ಕೆ ವಾಲಿದರೂ ಈ ಡಿ-ಪ್ಯಾಡ್ ‘ಕೆಳಗೆ’ಯನ್ನೂ ಸೇರಿಸಿ ಕಳಿಸುತ್ತಿತ್ತು. 8ನೇ ಲೋಕದ ಅಗಲ ಹಳ್ಳಗಳ ಮುಂದೆ ಓಟದ ವೇಗವೇ ಬಂಡವಾಳ. ಅಲ್ಲಿ ಹೀಗಾದರೆ ಆಟ ಮುಗಿದಂತೆಯೇ.

ಕಾಂಟ್ರಾದಲ್ಲಿ ಇನ್ನೊಂದು ರೀತಿ. ಓಡುತ್ತಾ ನೇರಕ್ಕೆ ಹೊಡೆಯಬೇಕಾದ ಗುಂಡು ಓರೆಯಾಗಿ ನೆಲಕ್ಕೋ ಆಕಾಶಕ್ಕೋ ಹೋಗುತ್ತದೆ, ಎದುರಿಗೆ ಬಂದವನು ಆರಾಮಾಗಿ ಬಂದು ತಾಕುತ್ತಾನೆ. ಟೆಟ್ರಿಸ್‌ನಲ್ಲಿ ಬಲಕ್ಕೆ ಸರಿಯಬೇಕಾದ ತುಂಡು ಇದ್ದ ಸಾಲಿನಲ್ಲೇ ಸರ್ರನೆ ಇಳಿದುಬಿಡುತ್ತದೆ. ಬ್ಯಾಟಲ್ ಸಿಟಿಯಲ್ಲಿ, ಅದೇ ನಾವೆಲ್ಲ ಟ್ಯಾಂಕ್ ಗೇಮ್ ಅನ್ನುತ್ತಿದ್ದೆವಲ್ಲ, ಅದರಲ್ಲಿ ಟ್ಯಾಂಕು ಮುಖ ತಿರುಗಿಸಿ ನಮ್ಮದೇ ಹದ್ದಿನ ಸುತ್ತಲಿನ ಇಟ್ಟಿಗೆ ಗೋಡೆಗೆ ಗುಂಡು ಹಾರಿಸುತ್ತದೆ.

ಮಾರಿದವರಿಗೆ ಬರೆದೆ. ವಿಡಿಯೋ ಕಳಿಸಿ ಅಂದರು, ಕಳಿಸಿದೆ. ಇನ್ನೂ ಸ್ಪಷ್ಟವಾದ ವಿಡಿಯೋ ಬೇಕು ಅಂದರು, ಅದನ್ನೂ ಕಳಿಸಿದೆ. ಅಷ್ಟರಲ್ಲಿ ಬದಲಿ ಕೊಡುವ ಅವಧಿ ಮುಗಿಯಿತು, ‘ಈ ಮಾಡೆಲ್‌ನಲ್ಲಿ ಇದು ಸಹಜ’ ಅಂತ ಒಂದು ಸಾಲಿನ ಉತ್ತರ ಬಂತು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆ ‘ಸಹಜ’ ಅನ್ನುವ ಮಾತಿಗೆ. ಗುನ್‌ಪೇ ಯೊಕೊಯಿ ಅನ್ನುವ ನಿಂಟೆಂಡೋ ಎಂಜಿನಿಯರ್ ಈ ಕ್ರಾಸ್ ಆಕಾರದ ಗುಂಡಿಯನ್ನು 1982ರಲ್ಲಿ ಡಾಂಕಿ ಕಾಂಗ್ ಆಟದ ‘ಗೇಮ್ ಅಂಡ್ ವಾಚ್’ ಅನ್ನುವ ಪುಟ್ಟ ಕೈಯಂತ್ರಕ್ಕಾಗಿ ಮಾಡಿದರು. ನಲವತ್ತು ವರ್ಷ ದಾಟಿದ ವಿದ್ಯೆ. ಒಳ್ಳೆಯ ಸ್ಕ್ರೀನು, ಇಡೀ ದಿನ ಬರುವ ಬ್ಯಾಟರಿ ಎಲ್ಲ ಕೊಟ್ಟವರು ಇದೊಂದನ್ನು ಸರಿಯಾಗಿ ಮಾಡಲಿಲ್ಲ ಅಂದರೆ, ಇದರಲ್ಲಿ ಜನ ಏನು ಆಡುತ್ತಾರೆ ಅನ್ನುವುದನ್ನು ಅವರು ಯೋಚಿಸಿಯೇ ಇಲ್ಲ ಅಂತ ಅರ್ಥ.

ಯಾಕೆ ಇಷ್ಟು ದೊಡ್ಡ ಮಾತು ಅಂದರೆ, ಹಳೆಯ ಆಟಗಳಿಗೆ ಕ್ಷಮೆ ಅನ್ನುವುದೇ ಗೊತ್ತಿಲ್ಲ. 1985ರ ಮಾರಿಯೋ ಇಡೀ ಆಟ ಬರೀ 40 ಕಿಲೋಬೈಟ್. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರವೂ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ 32 ಹಂತ. ದಾರಿ ಗೊತ್ತಿರುವ ನಿಪುಣರು ವಾರ್ಪ್, ಅಂದರೆ ಹಂತಗಳನ್ನು ಬಿಟ್ಟು ಮುಂದೆ ಹೋಗುವ ಗುಪ್ತದಾರಿ, ಹಿಡಿದು 5 ನಿಮಿಷದೊಳಗೆ ಮುಗಿಸುತ್ತಾರೆ. ಅಷ್ಟು ಚಿಕ್ಕ ಆಟ ತಿಂಗಳುಗಟ್ಟಲೆ ಬಾಳಬೇಕು ಅಂದರೆ ಅದು ಕಷ್ಟವಾಗಿರಲೇಬೇಕು. ಮೂರು ಲೈಫ್, ಹೋದರೆ ಮತ್ತೆ 1-1, ಅಂದರೆ ಮೊದಲ ಲೋಕದ ಮೊದಲ ಹಂತ. ಕಾಂಟ್ರಾ 1987ರಲ್ಲಿ ಮೊದಲು ಬಂದಿದ್ದು ಕಾಯಿನ್ ಹಾಕಿ ಆಡುವ ಆರ್ಕೇಡ್ ಯಂತ್ರಕ್ಕೆ. ಆಟಗಾರ ಬೇಗ ಸತ್ತರೆ ಇನ್ನೊಂದು ಕಾಯಿನ್ ಬೀಳುತ್ತದೆ, ಅದೇ ವ್ಯಾಪಾರ. ಮನೆಯ ಟಿವಿಗೆ ಬಂದ ಮೇಲೂ ಆ ಸ್ವಭಾವ ಹೋಗಲಿಲ್ಲ. ನಾವೆಲ್ಲ ಬಾಯಿಪಾಠ ಮಾಡಿದ್ದ ಮೂವತ್ತು ಲೈಫಿನ ಕೋಡ್ ಇದೆಯಲ್ಲ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಅದು ಹುಟ್ಟಿದ್ದು ಕಾಂಟ್ರಾಗಿಂತ ಮೊದಲು. ಕೊನಾಮಿಯ ಕಜುಹಿಸಾ ಹಶಿಮೊಟೊ 1985ರ ಆರ್ಕೇಡ್ ಆಟ ಗ್ರೇಡಿಯಸ್ ಅನ್ನು ಮನೆಯ ಯಂತ್ರಕ್ಕೆ ತರುವಾಗ, ಆಟ ತಮಗೇ ಕಷ್ಟವಾಗಿ, ಪರೀಕ್ಷೆ ಮಾಡಲು ಅಂತ ಇಟ್ಟುಕೊಂಡಿದ್ದರು. ಮಾಡಿದವರಿಗೇ ಮುಗಿಸಲಾಗದ ಆಟಗಳನ್ನು ನಾವು ಬೇಸಿಗೆ ರಜೆಯಲ್ಲಿ ಹಟ ಹಿಡಿದು ಆಡಿದ್ದೇವೆ.

ಈಗಿನ ಆಟಗಳು ಸುಲಭ ಅಂತ ನಾನು ಹೇಳುವುದಿಲ್ಲ. ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ 2018ರ ಸೆಲೆಸ್ಟ್ ಆಡಿದ್ದೇನೆ. ಮಾರಿಯೋಗಿಂತ ಎಷ್ಟೋ ಪಾಲು ಕಷ್ಟದ ಹಾರುವಿಕೆ ಅದರಲ್ಲಿದೆ. ಆದರೆ ಒಳಗೊಳಗೇ ಅದು ನಮ್ಮ ಕೈ ಹಿಡಿದಿರುತ್ತದೆ. ಅಂಚು ದಾಟಿ ಗಾಳಿಗೆ ಕಾಲಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗ ಹಾರಲು ಬಿಡುತ್ತದೆ. ನೆಲ ಮುಟ್ಟುವ ಮೊದಲೇ ಗುಂಡಿ ಒತ್ತಿಬಿಟ್ಟರೆ ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಹಾರಿಸುತ್ತದೆ. ತಲೆ ಮೂಲೆಗೆ ತಾಕಿದರೆ ಕೆಲವು ಚುಕ್ಕೆ ಪಕ್ಕಕ್ಕೆ ಸರಿಸಿ ದಾಟಿಸುತ್ತದೆ. ಸತ್ತರೆ ಅದೇ ಕೋಣೆಯ ಬಾಗಿಲಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್. ಇಂಥ ಆಟವನ್ನು ಸುಮಾರಾದ ಡಿ-ಪ್ಯಾಡಿನಲ್ಲಿ ಆಡಿದರೂ ನಡೆದುಹೋಗುತ್ತದೆ, ಗುಂಡಿಯ ತಪ್ಪನ್ನು ಆಟವೇ ಮುಚ್ಚಿಹಾಕುತ್ತದೆ. ಮಾರಿಯೋಗೆ ಆ ಹತ್ತನೇ ಒಂದು ಭಾಗದ ದಯೆ ಇಲ್ಲ. ಅಂಚು ದಾಟಿದೆಯಾ, ಬಿದ್ದೆ. ಅದರ ಬಳಿ ಇರುವುದು ಒಂದೇ ಮಾತು: ನೀನು ಒತ್ತಿದ್ದು ಏನೋ ಅದೇ ಆಗಿದೆ. ಆ ಮಾತು ನಿಜವಾಗಿರುವವರೆಗೆ ನೂರು ಸಲ ಸತ್ತರೂ ಮತ್ತೆ ಆಡಬೇಕು ಅನ್ನಿಸುತ್ತದೆ. ಒತ್ತದೇ ಇರುವುದು ಆಯಿತು ಅಂದ ಕ್ಷಣ ಆ ಆಟದಲ್ಲಿ ಉಳಿಯುವುದು ಬರೀ ಹಿಂಸೆ.

ಅಕ್ಕನ ಮಗನಿಗೆ ಒಂದು ಭಾನುವಾರ ಯಂತ್ರ ಕೊಟ್ಟೆ. ಎರಡನೇ ಗೇಮ್ ಓವರ್‌ಗೆ ಕೈಗೆ ವಾಪಸ್ ಇಟ್ಟು, “ಇದು ಆಟಾನಾ, ಶಿಕ್ಷೆನಾ ಮಾವ?” ಅಂದ. ಅವನು ಬಿಜಿಎಂಐ ಅನ್ನುವ ಮೊಬೈಲ್ ಗುಂಡಿನಾಟದಲ್ಲಿ ನನ್ನನ್ನು ಅರೆಕ್ಷಣದಲ್ಲಿ ಉರುಳಿಸುವ ಹುಡುಗ, ಕೈಚಳಕ ಕಡಿಮೆ ಅಂತಲ್ಲ. ಅವನ ಹೆಬ್ಬೆರಳು ಬಲಕ್ಕಿತ್ತು, ಮಾರಿಯೋ ನಿಂತಿದ್ದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಸರಿಹೋಗಿದ್ದು ನಮ್ಮೂರಿನಲ್ಲೇ. ಎಂ.ಜಿ. ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಫೋನಿನ ಚಾರ್ಜಿಂಗ್ ಪಿನ್ ಹಾಕಿಸಲು ಹೋದವನು ಇದನ್ನೂ ಮುಂದಿಟ್ಟೆ. ಹುಡುಗ ಹಿಂದಿನ ಸ್ಕ್ರೂ ಬಿಚ್ಚಿ, ಡಿ-ಪ್ಯಾಡಿನ ಕೆಳಗಿನ ರಬ್ಬರ್ ಎತ್ತಿ, ಲೆನ್ಸ್ ಇಟ್ಟು ನೋಡಿದ. “ರಬ್ಬರ್‌ಗೇನೂ ಆಗಿಲ್ಲ ಸಾರ್. ಬೋರ್ಡ್ ಮೇಲಿರೋ ಕಾಂಟ್ಯಾಕ್ಟೇ ಜಾಸ್ತಿ ಅಗಲ ಐತೆ. ಬೆರಳು ಒಂಚೂರು ಓರೆ ಆದ್ರೂ ಪಕ್ಕದ್ದೂ ತಾಕ್ತೈತೆ.” ಬೋರ್ಡಿಗೆ ಬಿಸಿಗಾಳಿ ಬಿಡುವಾಗ ಅಕ್ಕಪಕ್ಕಕ್ಕೆ ಅಂಟಿಸುವ ಹಳದಿ ಟೇಪ್ ಇರುತ್ತದಲ್ಲ, ಅದನ್ನು ಬ್ಲೇಡಿನಲ್ಲಿ ನೂಲಿನಂತೆ ಸೀಳಿದ. ಚಿಮುಟದಲ್ಲಿ ಹಿಡಿದು ಪ್ರತಿ ಕಾಂಟ್ಯಾಕ್ಟಿನ ಎರಡೂ ಪಕ್ಕದ ಅಂಚು ಮುಚ್ಚುವಂತೆ ಒಂದೊಂದು ಎಳೆ ಅಂಟಿಸಿದ, ನಡುವಿನ ಭಾಗ ಮಾತ್ರ ತೆರೆದಿಟ್ಟ. ಉಸಿರು ಬಿಗಿಹಿಡಿದು ಮಾಡುತ್ತಿದ್ದ, ನಾನೂ ಬಿಗಿಹಿಡಿದಿದ್ದೆ. ಜೋಡಿಸಿ ಕೊಡುವ ಮೊದಲು ತಾನೇ ಕಾಂಟ್ರಾ ಹಾಕಿ, ಮೊದಲ ಹಂತದ ಸೇತುವೆ ದಾಟಿ, ಗುಂಡು ನೇರ ಹೋಗುತ್ತಿದೆ ಅಂತ ನೋಡಿಯೇ ಕೊಟ್ಟ. ನೂರು ಕೊಟ್ಟರೆ ಐವತ್ತು ವಾಪಸ್ ಕೊಟ್ಟ.

ಆ ಸಂಜೆಯಿಂದ ಇದು ಬೇರೆಯದೇ ಯಂತ್ರ. ಸಿಟ್ಟು ಇಳಿದ ಮೇಲೆ ಇದರ ಒಳ್ಳೆಯತನ ಒಂದೊಂದಾಗಿ ಕಾಣಿಸತೊಡಗಿತು. ಅದರಲ್ಲಿ ನಾನು ನೆನೆಸಿರದ ಒಂದು ಖುಷಿಯನ್ನು ಹೇಳಲೇಬೇಕು.

ಗುಂಡಿ ಸರಿಯಾದ ಮೇಲೂ ಆಟಗಳು ನನ್ನ ನೆನಪಿಗಿಂತ ಜೋರಾಗಿ ಓಡುತ್ತಿದ್ದವು. ಹಾಡೂ ಅವಸರದ್ದು. ವಯಸ್ಸಾಯಿತೇನೋ ಅಂತ ಅನ್ನಿಸುವ ಜಾಗ ಇದು, ಆದರೆ ವಿಷಯ ಬೇರೆ. ಅಮೆರಿಕ, ಜಪಾನ್‌ನ ಟಿವಿಗಳಿಗೆ ಮಾಡಿದ ಯಂತ್ರ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ಆಗಿನ ನಮ್ಮ ದೇಶದ ಟಿವಿಗಳು ಪಾಲ್ ಅನ್ನುವ ಪದ್ಧತಿಯವಾಗಿದ್ದವು, ಅವಕ್ಕೆ ತಕ್ಕಂತೆ ಮಾಡಿದ, ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ನಿಂಟೆಂಡೋದ ನಕಲಿ ಯಂತ್ರಗಳು 50ರಲ್ಲಿ ಓಡುತ್ತಿದ್ದವು. ಆಗಿನ ಆಟಗಳ ವೇಗವೆಲ್ಲ ಫ್ರೇಮಿನ ಲೆಕ್ಕದಲ್ಲಿ ಕಟ್ಟಿದ್ದು, ಹಾಗಾಗಿ ಆ ಯಂತ್ರಗಳಲ್ಲಿ ಮಾರಿಯೋ ಆರರಲ್ಲಿ ಒಂದು ಪಾಲು ನಿಧಾನ. ಈ ಹ್ಯಾಂಡ್‌ಹೆಲ್ಡ್‌ನ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದಂತೆ ನಡೆದುಕೊಂಡು ಆಟ ಓಡಿಸುವ ಸಾಫ್ಟ್‌ವೇರ್, ಅದರ ಸೆಟ್ಟಿಂಗ್‌ನಲ್ಲಿ ರೀಜನ್ ಅಂತ ಒಂದು ಸಾಲಿದೆ. ಅದರಲ್ಲಿ ‘ಡೆಂಡಿ’ ಆಯ್ದುಕೊಳ್ಳಿ. ಅದು ರಷ್ಯಾದಲ್ಲಿ ಮಾರಾಟವಾದ ಅಂಥದೇ ನಕಲಿ ಯಂತ್ರದ ಹೆಸರು, 50 ಫ್ರೇಮಿನದು. ನಾನು ಆಯ್ದುಕೊಂಡು 1-1 ಶುರು ಮಾಡಿದೆ. ನನಗೆ ಗೊತ್ತಿದ್ದ ಹಾಡು, ಗೊತ್ತಿದ್ದ ವೇಗದಲ್ಲಿ ಬಂತು. ಇಷ್ಟು ದಿನ ಇಂಟರ್‌ನೆಟ್ಟಿನಲ್ಲಿ ಕೇಳಿದ್ದೆಲ್ಲ ಬೇರೆಯವರ ಬಾಲ್ಯದ ಮಾರಿಯೋ, ಇದು ನಮ್ಮದು. ಪಕ್ಕದಲ್ಲಿ ಕೂತಿದ್ದ ಬ್ಯಾಂಕಿನವರೊಬ್ಬರು ಇಸ್ಪೀಟು ಕೆಳಗಿಟ್ಟು ಬಗ್ಗಿ ನೋಡಿ, “ಸಾರ್, ಮೂರನೇ ಇಟ್ಟಿಗೆ, ಮಶ್ರೂಮ್!” ಅಂದರು. ಆಮೇಲೆ ದೊಡ್ಡಬೆಲೆಯಿಂದ ಗೊಲ್ಲಹಳ್ಳಿಯವರೆಗೆ ಅವರೇ ಆಡಿದರು.

ಆಟವನ್ನು ಇದ್ದಲ್ಲೇ ಉಳಿಸಿಡುವ ಸೇವ್ ಸ್ಟೇಟ್, ಮತ್ತೆ ರಿವೈಂಡ್ ಬಗ್ಗೆ ಎರಡು ಮಾತು. ಸತ್ತ ತಕ್ಷಣ ಆಟವನ್ನು ಹಿಂದಕ್ಕೆ ಎಳೆಯುವ ಗುಂಡಿ ಇದರಲ್ಲಿದೆ. ನಾನು ಅದನ್ನು ಸೆಟ್ಟಿಂಗ್‌ನಿಂದಲೇ ತೆಗೆದುಹಾಕಿದ್ದೇನೆ. 40 ಕಿಲೋಬೈಟಿನ ಆಟದಲ್ಲಿ ಸೋಲುವುದನ್ನು ತೆಗೆದರೆ ಅರ್ಧ ಗಂಟೆಯ ಚಿತ್ರ ಮಾತ್ರ ಉಳಿಯುತ್ತದೆ. ಯಶವಂತಪುರ ಬಂತು ಅಂತ ನಿಲ್ಲಿಸಲು ಸೇವ್ ಬೇಕು, ಸಾವು ತಪ್ಪಿಸಿಕೊಳ್ಳಲು ಬೇಡ. ಮಾರಿಯೋದಲ್ಲಿ ಮತ್ತೆ 1-1ರಿಂದ ಬರುವುದು ಸಾಕಾಗಿದ್ದರೆ ಆಟದೊಳಗೇ ದಾರಿ ಇದೆ: ಗೇಮ್ ಓವರ್ ಆದ ಮೇಲೆ ಮೊದಲ ಪರದೆಯಲ್ಲಿ ಎ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿ, ಸತ್ತ ಲೋಕದ ಮೊದಲ ಹಂತದಿಂದ ಶುರುವಾಗುತ್ತದೆ.

ಹಳೆಯದೆಲ್ಲ ಚಿನ್ನ ಅಂತಲೂ ಅಲ್ಲ. ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಅನ್ನು ಪ್ರಾಣ ತೇಯ್ದು ಮುಗಿಸಿದರೆ, ಇದೆಲ್ಲ ಮಾಯೆ, ಮೊದಲಿಂದ ಇನ್ನೊಮ್ಮೆ ಆಡು ಅನ್ನುತ್ತದೆ. ಬ್ಯಾಟಲ್‌ಟೋಡ್ಸ್‌ನ ಮೂರನೇ ಹಂತದ ಗಾಡಿ ಓಟವನ್ನು ಕಂಠಪಾಠ ಮಾಡದೆ ದಾಟುವುದು ಸಾಧ್ಯವೇ ಇಲ್ಲ ಅನ್ನಬಹುದು. ಇಂಥವಕ್ಕೆ ನನ್ನ ರೈಲಿನ ಹೊತ್ತು ಕೊಡುವುದಿಲ್ಲ. ಈ ವಿಷಯದಲ್ಲಿ ಸೆಲೆಸ್ಟ್ ದೊಡ್ಡ ಮನಸ್ಸಿನ ಆಟ. ಅದರ ಅಸಿಸ್ಟ್ ಮೋಡ್‌ನಲ್ಲಿ ವೇಗ ಇಳಿಸಬಹುದು, ಸಾಯದಂತೆಯೂ ಮಾಡಿಕೊಳ್ಳಬಹುದು. ಕೈಬೆರಳು ಸರಿಯಾಗಿ ಆಡದವರೂ ಬೆಟ್ಟದ ತುದಿ ಕಾಣಬಹುದು. ಕಾಂಟ್ರಾಗೆ ಅಂಥದ್ದೊಂದು ಇದ್ದಿದ್ದರೆ ಎಷ್ಟೋ ಜನ ಎರಡನೇ ಹಂತ ನೋಡುತ್ತಿದ್ದರು.

ಉಳಿದದ್ದು ಬೇಗ ಹೇಳುತ್ತೇನೆ. ಜೊತೆಗೆ ಬರುವ ಮೆಮೊರಿ ಕಾರ್ಡ್ ನಂಬಬೇಡಿ, ನನ್ನದು ಮಳೆಗಾಲ ಮುಗಿಯುವಷ್ಟರಲ್ಲಿ ಕೈಕೊಟ್ಟಿತು. ತಂದ ದಿನವೇ ಒಳ್ಳೆಯ ಕಂಪನಿಯದು ಹಾಕಿ. ಬ್ಯಾಟರಿ ಹೋಗುತ್ತಾ ಬರುತ್ತಾ ಎರಡೂ ಕಡೆಗೆ ಸಾಕು. ಸ್ಪೀಕರ್ ಕೆಳಮುಖವಾಗಿದೆ, ತೊಡೆಯ ಮೇಲಿಟ್ಟರೆ ಸದ್ದು ಸತ್ತುಹೋಗುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಸ್ಕ್ರೀನ್ ಕಾಣುವುದಿಲ್ಲ, ಹಾಗಾಗಿ ಕಿಟಕಿ ಸೀಟನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಕೊಳ್ಳಬಹುದಾ ಅಂದರೆ, ಕೊಳ್ಳಬಹುದು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ, ಕಳೆದ ಒಂದೂವರೆಯೂ ಡಿ-ಪ್ಯಾಡಿನದೇ. ಪೊಟ್ಟಣ ಬಿಚ್ಚಿದ ದಿನವೇ ಬೇರೆ ಏನನ್ನೂ ನೋಡದೆ ಕಾಂಟ್ರಾ ಹಾಕಿ. ಬಲ ಒತ್ತಿ ಹಿಡಿದು ಗುಂಡು ಹಾರಿಸುತ್ತಾ ಓಡಿ, ಬೆರಳು ಎತ್ತದೆ ಹೆಬ್ಬೆರಳನ್ನು ಮೆಲ್ಲಗೆ ಮೇಲೆ ಕೆಳಗೆ ವಾಲಿಸಿ ನೋಡಿ. ಗುಂಡು ನೇರವಾಗಿಯೇ ಹೋಗುತ್ತಿದ್ದರೆ ನಿಮ್ಮದು ಒಳ್ಳೆಯ ಪೀಸ್. ಸುಮ್ಮಸುಮ್ಮನೆ ಓರೆ ಹೋದರೆ ಮಾತುಕತೆಗೆ ಇಳಿಯದೆ ಅವತ್ತೇ ರಿಟರ್ನ್ ಒತ್ತಿ. ಅವಧಿ ಮುಗಿದುಹೋಗಿದ್ದರೆ, ಹಳದಿ ಟೇಪ್ ಯಾವ ಮೊಬೈಲ್ ರಿಪೇರಿ ಅಂಗಡಿಯಲ್ಲೂ ಇರುತ್ತದೆ.