ಕುಂಡಗಳ ಮೇಲೆ ಯುವಿ ಶೀಟ್: ಹಲವು ಮಳೆಗಾಲ ಬಳಸಿದ ಮೇಲೆ

ಗಿಡ ಬೆಳೆಸುವ ಪ್ಲಾಸ್ಟಿಕ್ ಮನೆ, ಅಂದರೆ ಪಾಲಿಹೌಸ್‌ಗೆ ಹಾಕುತ್ತಾರಲ್ಲ, 200 ಮೈಕ್ರಾನ್ (0.2 ಮಿ.ಮೀ.) ದಪ್ಪದ ಪಾರದರ್ಶಕ ಯುವಿ ಶೀಟ್ (ಬಿಸಿಲಿನ ಅತಿನೇರಳೆ ಕಿರಣಕ್ಕೆ ಬೇಗ ಹಾಳಾಗದಂತೆ ಮಾಡಿದ ಪ್ಲಾಸ್ಟಿಕ್ ಹಾಳೆ), ಅದನ್ನು ಹೊರಗಿಟ್ಟ ಕುಂಡಗಳ ಮೇಲೆ ಕಟ್ಟಿ ಹಲವು ಮಳೆಗಾಲ ಕಳೆದಿವೆ. ತಗೊಳ್ಳಬಹುದಾ ಅಂದರೆ ಖಂಡಿತ ತಗೊಳ್ಳಿ. ಆದರೆ ಗಿಡದ ಮೇಲೆ ಹೊದಿಸಬೇಡಿ, ಚಪ್ಪರದ ಹಾಗೆ ಎತ್ತರಕ್ಕೆ ಕಟ್ಟಿ.

ಬಾಳಿಕೆ ಬಗ್ಗೆ ದೂರಿಲ್ಲ. ಮಾಮೂಲಿ ಪ್ಲಾಸ್ಟಿಕ್ ಬಿಸಿಲಿಗೆ ಪೆಳಸಾಗಿ ಮುಟ್ಟಿದರೆ ಹರಿಯುತ್ತದೆ, ಇದು ಹಾಗಾಗಿಲ್ಲ. ಸ್ವಲ್ಪ ಮಸುಕಾಗಿದೆ, ಮೇಲೆ ಧೂಳು, ಪಾಚಿ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೆಳಕು ಮತ್ತೆ ಚೆನ್ನಾಗಿ ಬರುತ್ತದೆ. ಸವೆದಿರುವುದು ಚಪ್ಪರದ ಕಬ್ಬಿಣದ ಪೈಪಿಗೆ ತಾಗುವ ಕಡೆ ಮಾತ್ರ. ಪೈಪ್ ಬಿಸಿಲಿಗೆ ಕಾಯುತ್ತದೆ, ಗಾಳಿ ಬಂದಾಗ ಶೀಟ್ ಅದಕ್ಕೇ ಉಜ್ಜುತ್ತದೆ, ಕೊನೆಗೆ ಸೀಳು ಬಿಡುವುದೂ ಅಲ್ಲೇ. ಪೈಪಿಗೆ ಬಟ್ಟೆ ಸುತ್ತಿ ಆಮೇಲೆ ಶೀಟ್ ಬಿಗಿಯಾಗಿ ಎಳೆದು ಕಟ್ಟಿ.

ಇಳಿಜಾರು ಇರಲೇಬೇಕು. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 4 ಚದರ ಮೀಟರ್ ಶೀಟಿನ ಮೇಲೆ 50 ಮಿ.ಮೀ. ಬಿದ್ದರೆ 200 ಲೀಟರ್, ಅಂದರೆ 200 ಕೆ.ಜಿ. ಭಾರ. ಅದು ಜಾರಿ ಹೋಗದೆ ಮಧ್ಯದಲ್ಲಿ ನಿಂತರೆ ಯಾವ ಶೀಟ್ ತಾನೇ ತಡೆಯುತ್ತದೆ?

ಗಿಡಗಳಿಗೆ ಆದ ಲಾಭ ಎದ್ದು ಕಾಣುತ್ತದೆ. ಗುಲಾಬಿ ಎಲೆಗೆ ಬರುವ ಕಪ್ಪು ಚುಕ್ಕೆ ರೋಗ ಮಳೆ ಹನಿ ಸಿಡಿದೇ ಹರಡುವುದು, ಎಲೆ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಸಾಕು, ಹತ್ತಿಕೊಳ್ಳುತ್ತದೆ. ಶೀಟಿನ ಕೆಳಗೆ ಅದು ತುಂಬಾ ಕಡಿಮೆ. ಮಳೆಗಾಲದಲ್ಲಿ ಬುಡ ಮೆತ್ತಗಾಗುವ ಅಡೇನಿಯಂ (ದಪ್ಪ ಬುಡದ ಹೂಗಿಡ) ಇಲ್ಲಿ ಗಟ್ಟಿಯಾಗಿ ನಿಂತಿದೆ. ಗೊಬ್ಬರದ ಸಾರವೂ ಮಳೆ ನೀರಿನ ಜೊತೆ ತೂತಿನಿಂದ ಸುಮ್ನೆ ಹರಿದು ಹೋಗುವುದಿಲ್ಲ. ಸುತ್ತಲೂ ಮಾತ್ರ ತೆರೆದಿಡಿ. ನಾಲ್ಕೂ ಕಡೆ ಮುಚ್ಚಿದರೆ ಒಳಗೆ ಹಬೆ ಕಟ್ಟಿ ಹೂವಿನ ಮೇಲೆ ಬೂದು ಬೂಸ್ಟು ಬರುತ್ತದೆ, ಮಳೆ ತಡೆದೂ ಏನು ಬಂತು?

ಇನ್ನೊಂದು ಮಾತು, ಶೀಟ್ ಒಂದರಿಂದಲೇ ಎಲ್ಲ ಆಗುವುದಿಲ್ಲ. ಇರಚಲು ಹೇಗಿದ್ದರೂ ಒಳಗೆ ಬರುತ್ತದೆ, ಬಂದ ನೀರು ಕುಂಡದಿಂದ ಇಳಿಯಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿಕೊಂಡರೆ ಬೇರಿಗೆ ಗಾಳಿ ಎಲ್ಲಿಂದ ಬರಬೇಕು, ಕೊಳೆ ಶುರುವಾಗುವುದೇ ಹಾಗೆ. ಮಳೆ ಹಿಡಿಯುವ ಮೊದಲು ಒಂದೊಂದೇ ಕುಂಡ ವಾಲಿಸಿ ತಳ ನೋಡಿ. ಎಷ್ಟೋ ಸಲ ಸಣ್ಣ ಬೇರುಗಳು ಹೆಣೆದುಕೊಂಡು ತೂತನ್ನು ಬಿರಡೆ ಹಾಕಿದಂತೆ ಮುಚ್ಚಿರುತ್ತವೆ, ಕಡ್ಡಿಯಿಂದ ತಿವಿದರೆ ವಾಸನೆ ಹಿಡಿದ ಕಂದು ನೀರು ಸುರಿಯುತ್ತದೆ. ಕೆಳಗಿನ ತಟ್ಟೆ ತೆಗೆದುಬಿಡಿ, ಇಟ್ಟಿಗೆ ಚೂರಿನ ಮೇಲೆ ಕುಂಡ ಕೂರಿಸಿ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅನ್ನುವುದನ್ನು ನಂಬಬೇಡಿ. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕೆಳಗೆ ಬಿಡುವುದಿಲ್ಲ, ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ ಅಷ್ಟೇ.

ತೊಂದರೆ ಇಲ್ಲವೆಂದಲ್ಲ. ಜೋರು ಮಳೆಯಲ್ಲಿ ಸದ್ದು ಜಾಸ್ತಿ. ಹೊರಗೆ ಸುರಿಯುತ್ತಿದ್ದರೂ ಒಳಗಿನ ಕುಂಡಗಳಿಗೆ ನೀರು ಹಾಕಬೇಕು, ಬೆರಳಿಟ್ಟು ಮಣ್ಣು ನೋಡುತ್ತಿರಿ. ಬಿರುಗಾಳಿ ಬರುವ ಹಾಗಿದ್ದರೆ ಶೀಟ್ ಬಿಚ್ಚಿ ಸುತ್ತಿಡುವುದೇ ಒಳ್ಳೆಯದು. ಇದು ಹರಿದ ಮೇಲೂ ಇದೇ ಶೀಟ್ ತರುತ್ತೇನೆ, ಇರಚಲಿಗೆಂದು ಎರಡೂ ಬದಿ ಅರ್ಧ ಮೀಟರ್ ಜಾಸ್ತಿ ಅಗಲದ್ದು.