ಸಿಬಿಟಿ, ಮಾತಿನ ಥೆರಪಿ, ಎರಡೂ ಬೆರೆತದ್ದು: ಮೂರನ್ನೂ ಮಾಡಿ ನೋಡಿದ ಮೇಲೆ

ಅಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಆಫೀಸಿಗೆ ಹೊರಟಿದ್ದೆ. ಸಂಪಿಗೆ ರಸ್ತೆ ಸ್ಟೇಷನ್ ದಾಟಿ ರೈಲು ಸುರಂಗಕ್ಕೆ ಇಳಿಯುತ್ತಿದ್ದ ಹಾಗೆ ಎದೆ ಡವಡವ ಅನ್ನತೊಡಗಿತು. ಕೈ ತಣ್ಣಗಾಯಿತು, ಉಸಿರು ಸಾಲದು ಅನ್ನಿಸಿತು. ಮೆಜೆಸ್ಟಿಕ್‌ನಲ್ಲಿ ಇಳಿದು ಪ್ಲಾಟ್‌ಫಾರ್ಮ್ ಮೇಲೆ ಕೂತುಬಿಟ್ಟೆ. ಇಸಿಜಿ, ಥೈರಾಯ್ಡ್ ಎಲ್ಲ ನಾರ್ಮಲ್ ಬಂತು. ಇದು ಪ್ಯಾನಿಕ್ ಅಟ್ಯಾಕ್, ಥೆರಪಿ ತಗೊಳ್ಳಿ ಅಂದರು ಡಾಕ್ಟರು. ಮುಂದಿನ ಒಂದೂವರೆ ವರ್ಷದಲ್ಲಿ ಮೂವರ ಹತ್ತಿರ ಹೋದೆ.

ಮೊದಲನೆಯವರು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಮಾಡುವ ಮೇಡಂ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಅಮೆರಿಕದಲ್ಲಿ ಕಟ್ಟಿದ ದಾರಿ ಇದು. ಯೋಚನೆಯನ್ನು ಹಿಡಿದು ಪರೀಕ್ಷೆ ಮಾಡುವುದು ಇದರ ಜೀವಾಳ. ಮೇಡಂ ಒಂದು ಹಾಳೆಯಲ್ಲಿ ಚಕ್ರ ಬರೆದು ತೋರಿಸಿದರು. ಎದೆ ಬಡಿಯುತ್ತೆ, ‘ಹಾರ್ಟ್ ಅಟ್ಯಾಕ್’ ಅನ್ನಿಸುತ್ತೆ, ಭಯವಾಗುತ್ತೆ, ಭಯಕ್ಕೆ ಎದೆ ಇನ್ನೂ ಜಾಸ್ತಿ ಬಡಿಯುತ್ತೆ. ಪ್ಯಾನಿಕ್‌ನ ಈ ಚಕ್ರವನ್ನು ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದ್ದರಂತೆ. ನನಗೆ ಆಗುತ್ತಿದ್ದದ್ದಕ್ಕೆ ಒಂದು ಹೆಸರು, ಒಂದು ಕ್ರಮ ಇದೆ ಅಂತ ಗೊತ್ತಾದದ್ದೇ ಅರ್ಧ ಸಮಾಧಾನ.

ಆದರೆ ಹೋಂವರ್ಕ್‌ನಲ್ಲಿ ಸಿಕ್ಕಿಬಿದ್ದೆ. ಭಯದ ಯೋಚನೆ ಒಂದು ಕಡೆ, ಅದಕ್ಕೆ ಸಮತೋಲದ ಉತ್ತರ ಇನ್ನೊಂದು ಕಡೆ ಬರೆಯಬೇಕು. ನಾನು ‘ಇದು ಬರೀ ಗಾಬರಿ, ಏನೂ ಆಗಲ್ಲ’ ಅಂತ ಬರೆದೆ. ಓದಿದರೆ ಕೈ ನಡುಗಿತು. ಆ ರಾತ್ರಿ ಎದೆ ಉರಿ ಅಂತ ಎದ್ದು ಕೂತ ಅಪ್ಪ ಹೇಳಿದ್ದೂ ಅದೇ: ‘ಬರೀ ಗ್ಯಾಸ್ಟ್ರಿಕ್, ಏನೂ ಆಗಲ್ಲ, ಮಲಕ್ಕೋ ಹೋಗು.’ ಓಮದ ನೀರು ಕೊಟ್ಟು ಮಲಗಿದ್ದೆ. ಬೆಳಗ್ಗೆ ಅಪ್ಪ ಇರಲಿಲ್ಲ. ಇದನ್ನು ಮೇಡಂಗೆ ಹೇಳಲೇ ಇಲ್ಲ. ಎಂಟು ಸೆಷನ್ ಆದಮೇಲೆ ಹೋಗುವುದನ್ನು ಬಿಟ್ಟೆ.

ಎರಡನೆಯವರದ್ದು ಮಾತಿನ ಥೆರಪಿ, ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ದಾರಿ. ಥೆರಪಿಸ್ಟ್ ಮುಖವಾಡವಿಲ್ಲದೆ ಇದ್ದು, ತೀರ್ಪು ಕೊಡದೆ, ಎದುರಿನವರನ್ನು ಒಳಗಿಂದ ಅರ್ಥಮಾಡಿಕೊಂಡರೆ ಬದಲಾವಣೆಗೆ ಅದೇ ಸಾಕು ಅಂತ ರೋಜರ್ಸ್ 1957ರಲ್ಲೇ ವಾದಿಸಿದ್ದರು. ಆ ಸರ್ ಸುಮ್ನೆ ಕೇಳುತ್ತಿದ್ದರು. ಐದನೇ ಸೆಷನ್‌ನಲ್ಲಿ ಓಮದ ನೀರಿನ ಮಾತು ಹೊರಬಂತು. ಮೊದಲ ಸಲ ಜೋರಾಗಿ ಅತ್ತೆ. ನಿದ್ದೆ ಸರಿಹೋಯಿತು. ಆದರೆ ಆರು ತಿಂಗಳಾದರೂ ಮೆಟ್ರೋ ಹತ್ತಲಾಗಲಿಲ್ಲ. ಏನು ಮಾಡಲಿ ಸರ್ ಅಂದರೆ, ‘ನಿಮಗೆ ಏನನ್ನಿಸುತ್ತೆ?’ ಅನ್ನುತ್ತಿದ್ದರು. ನನಗೆ ಬೇಕಿದ್ದದ್ದು ದಾರಿ ತೋರಿಸುವವರು.

ಮೂರನೆಯವರು ಬೇರೆ ಬೇರೆ ದಾರಿಗಳನ್ನು ಬೆರೆಸುವವರು. ಮೊದಲ ದಿನವೇ ಹಳೆಯ ಎರಡರ ಬಗ್ಗೆ ಕೇಳಿದರು. ಎಲ್ಲಿ ಹಗುರಾಯಿತು, ಎಲ್ಲಿ ಬಿಟ್ಟುಬಂದಿರಿ? ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ‘ಮೊದಲು ಅಪ್ಪ, ಆಮೇಲೆ ಮೆಟ್ರೋ’ ಅಂದರು. ಇಡೀ ಬೆರಕೆಯ ಗುಟ್ಟು ನನ್ನ ಮಟ್ಟಿಗೆ ಆ ಒಂದು ಮಾತಿನಲ್ಲಿತ್ತು.

ಮೂರನೇ ವಾರ ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಕುರ್ಚಿ ಎಳೆದು ನನ್ನೆದುರಿಗೆ ಹಾಕಿದರು. ಫ್ರಿಟ್ಜ್ ಪರ್ಲ್ಸ್‌ರ ಗೆಸ್ಟಾಲ್ಟ್ ಥೆರಪಿಯಿಂದ ಹೆಸರಾದ ಖಾಲಿ ಕುರ್ಚಿ. ‘ಅಪ್ಪ ಕೂತಿದ್ದಾರೆ ಅಂದ್ಕೊಳ್ಳಿ. ಅವತ್ತು ಹೇಳಬೇಕಿದ್ದದ್ದನ್ನು ಈಗ ಹೇಳಿ.’ ಎರಡು ನಿಮಿಷ ಮಾತೇ ಬರಲಿಲ್ಲ. ಆಮೇಲೆ, ‘ಏಳಪ್ಪಾ, ಆಟೋ ಕರೀತೀನಿ, ಹೋಗೋಣ’ ಅಂದೆ. ಜಾಗ ಬದಲಿಸಿ ಅಪ್ಪನಾಗಿ ಉತ್ತರ ಕೊಡಿ ಅಂದರು. ‘ನಿನಗೇನು ಗೊತ್ತಿತ್ತು ಮಗಾ, ನನಗೇ ಗೊತ್ತಾಗಲಿಲ್ಲ’ ಅನ್ನುವ ಮಾತು ನನ್ನ ಬಾಯಿಂದಲೇ ಬಂತು.

ಅದಾದ ಮೇಲೇ ಸಿಬಿಟಿಯ ಕಸರತ್ತು. ಮೆಟ್ಟಿಲು ಹತ್ತಿಳಿದು ಬೇಕಂತಲೇ ಎದೆಬಡಿತ ಏರಿಸಿ, ಅದು ತಾನಾಗಿ ಇಳಿಯುವವರೆಗೆ ನಿಲ್ಲುವುದು. ನಂತರ ಮೆಟ್ರೋದಲ್ಲಿ ಸಂಪಿಗೆ ರಸ್ತೆವರೆಗೆ ಒಂದು ವಾರ, ಆಮೇಲೆ ಸುರಂಗ. ನಡುವೆ ಉಸಿರು ಗಮನಿಸುವ ಧ್ಯಾನವನ್ನೂ ಕೊಟ್ಟರು. ನನಗೆ ಅದರಿಂದ ಗಾಬರಿ ಜಾಸ್ತಿಯಾಯಿತು. ಪ್ರತಿ ಸೆಷನ್ ಶುರುವಿನಲ್ಲಿ ತುಂಬುವ ಪುಟ್ಟ ಫಾರ್ಮ್‌ನಲ್ಲಿ ಅದು ಕಾಣಿಸಿತು, ಮುಂದಿನ ವಾರವೇ ಕೈಬಿಟ್ಟರು. ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಲಾಜರಸ್ 1967ರಲ್ಲಿ ಹೇಳಿದ್ದು ಇದೇ: ಯಾವ ಪಂಥದ ತಂತ್ರವನ್ನಾದರೂ ತಗೊಳ್ಳಬಹುದು, ಅದಕ್ಕೆ ಅದರ ಸಿದ್ಧಾಂತವನ್ನೆಲ್ಲ ಒಪ್ಪಬೇಕಿಲ್ಲ.

ಹಾಗಂತ ಎಲ್ಲರಿಗೂ ಬೆರಕೆಯೇ ಸರಿ ಅನ್ನಲಾರೆ. ಒಸಿಡಿ (ಗೀಳು ಕಾಯಿಲೆ) ಇದ್ದವರಿಗೆ, ಭಯ ಎದುರಿಸಿಯೂ ಗೀಳಿನ ಕೆಲಸ ಮಾಡದೆ ನಿಲ್ಲುವ ಇಆರ್‌ಪಿ ಅನ್ನುವ ಅಭ್ಯಾಸವನ್ನು ನೆಟ್ಟಗೆ, ಪೂರ್ತಿ ಮಾಡಿಸುವುದು ಮುಖ್ಯ. ಅಲ್ಲಿ ಅದೊಂದಿಷ್ಟು ಇದೊಂದಿಷ್ಟು ಅಂದರೆ ಹಾಲಿಗೆ ನೀರು ಬೆರೆಸಿದ ಹಾಗೆ. ಬೆರೆಸುತ್ತೇನೆ ಅನ್ನುವವರನ್ನು ‘ಇದು ಯಾಕೆ, ಈಗಲೇ ಯಾಕೆ?’ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ. ಫೀಸು ಕಷ್ಟ ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ನನ್ನ ಅಕ್ಕನೂ ಅಪ್ಪ ಹೋದಮೇಲೆ ಇದೇ ತರಹದ ಗಾಬರಿಗೆ ಆ ಮೊದಲ ಮೇಡಂ ಹತ್ತಿರವೇ ಹೋದಳು. ಅದೇ ಚಕ್ರ, ಅದೇ ಹಾಳೆ. ಆರೇ ಸೆಷನ್‌ಗೆ ಸರಿಹೋದಳು. ಆ ರಾತ್ರಿ ಅಕ್ಕ ಮನೆಯಲ್ಲಿ ಇರಲಿಲ್ಲ.